ಕಹಳೆಗೆ ಕೇಳಿಸದ ದನಿಗಳು

ಗೌಹರ್ ಜಾನ್ 1930ರ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು ಅವರಿಗೆ ಎರಡು ವರ್ಷವೂ ತುಂಬಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಅವರು ಹಾಡಿದ ಹಾಡುಗಳು ಭಾರತದ ಮೊದಮೊದಲ ಗ್ರಾಮಫೋನ್ ತಟ್ಟೆಗಳಾದವು. ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗುವುದನ್ನು ಕೇಳಿ ಕೆಲವರು ನಗುತ್ತಾರೆ. ನಗುವಂಥದ್ದೇನಿಲ್ಲ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು.

ಕೂಗಬೇಕಾದದ್ದು ಹೆಸರನ್ನಷ್ಟೇ ಅಲ್ಲ. ಆಗಿನ ಧ್ವನಿಮುದ್ರಣಕ್ಕೆ ವಿದ್ಯುತ್ತಿನ ಬಲವಿರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ದನಿಯ ಬಲದಿಂದಲೇ ತೆಳುಪರದೆ ಅದುರಿ, ಅದಕ್ಕೆ ಸೇರಿಸಿದ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ಸೆಕೆಂಡಿಗೆ ಸುಮಾರು 250ರಿಂದ 2,500 ಕಂಪನಗಳ ನಡುವಿನ ನಾದ ಮಾತ್ರ ಅದಕ್ಕೆ ದಕ್ಕುತ್ತಿತ್ತು. ಉಚ್ಚಾರ ಶುದ್ಧವಾಗಿದ್ದರೆ ಉರ್ದುವಿನಲ್ಲಿ ‘ಶೀನ್ ಕಾಫ್ ದುರುಸ್ತ್’ ಎನ್ನುತ್ತಾರೆ. ಪಾಪ, ಕಹಳೆಗೆ ‘ಸೀನ್’, ‘ಶೀನ್’ ಎರಡೂ ಸರಿಯಾಗಿ ಕೇಳಿಸುತ್ತಿರಲಿಲ್ಲ.

1925ರಲ್ಲಿ ಅಮೆರಿಕದ ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು ವೆಸ್ಟರ್ನ್ ಎಲೆಕ್ಟ್ರಿಕ್‌ನವರ ಹೊಸ ವಿಧಾನವನ್ನು ಬಳಕೆಗೆ ತಂದವು. ಮೈಕ್ ದನಿಯನ್ನು ವಿದ್ಯುತ್ತಾಗಿಸಿತು, ವಾಲ್ವ್ ಅದನ್ನು ಹೆಚ್ಚಿಸಿತು, ಆ ವಿದ್ಯುತ್ತೇ ಸೂಜಿಯನ್ನು ಆಡಿಸಿತು. ಹಿಡಿತಕ್ಕೆ ಸಿಕ್ಕ ಕಂಪನ ಸುಮಾರು 100ರಿಂದ 5,000ಕ್ಕೆ ಹಿಗ್ಗಿತು. ಮೇಣ ಕೊರೆಯುವ ಕಷ್ಟ ಹಾಡುವವರ ಎದೆಯಿಂದ ಯಂತ್ರಕ್ಕೆ ದಾಟಿತು.

ಇದರಿಂದ ಆದ ಲಾಭ ತಿಳಿಯಬೇಕಾದರೆ ಉಸ್ತಾದ್ ಅಬ್ದುಲ್ ಕರೀಂ ಖಾನರನ್ನು ಕೇಳಬೇಕು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳು ಅವರು. ಶತಮಾನದ ಆರಂಭದಲ್ಲಿ ಕಹಳೆಗೆ ಹಾಡಿದವರು, 1930ರ ದಶಕದಲ್ಲಿ ಮೈಕಿಗೂ ಹಾಡಿದರು. ಅವರದು ಸಣ್ಣ, ಮೆದು ದನಿ. ಇಂದು ನಾವು ತಲೆದೂಗುವುದು ಬಹುಮಟ್ಟಿಗೆ ಆ ಎರಡನೆಯ ಕಾಲದ ತಟ್ಟೆಗಳಿಗೆ. ಮೆಲ್ಲಗೆ ಹಾಡಿದರೂ ಕೇಳಿಸಿಕೊಳ್ಳುವ ಕಿವಿ ಆ ಹೊತ್ತಿಗೆ ಬಂದಿತ್ತು.

ಮೈಕ್ ಹುಟ್ಟಿದ್ದರ ಬರಕತ್ತು ಇದೇ ಎಂದು ನಾವು ತಿಳಿದಿದ್ದೇವೆ. ಆದರೆ ನಮ್ಮ ಮಂಗಳೂರಿನ ಸಭೆಗಳಲ್ಲಿ, ಮದುವೆ ಹಾಲ್‌ಗಳಲ್ಲಿ ಮೈಕ್ ಹಿಡಿದವರು ಇನ್ನೂ ಕಹಳೆಗೇ ಕೂಗುತ್ತಿರುವಂತಿದೆ. ಧರ್ಮದ ಮಾತಿರಲಿ, ರಾಜಕೀಯದ ಮಾತಿರಲಿ, ಗಂಟಲು ದೊಡ್ಡದಿದ್ದವರದೇ ಕಾಲ. ಬ್ಯಾರಿ ಮನೆಗಳ ಒಳಕೋಣೆಯಲ್ಲಿ ಮೊಯಿಲಾಂಜಿ ಹಾಡು ಹೇಳುತ್ತಿದ್ದ ಅಜ್ಜಿಯಂದಿರ ಮುಂದೆ ಯಾರೂ ಮೈಕ್ ಹಿಡಿದದ್ದನ್ನು ನಾವು ಕಾಣೆವು. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹಾಡುಗಳೂ ಅವರೊಂದಿಗೇ ಮಣ್ಣಾಗುತ್ತಿವೆ.

ಈಗ ಮನೆಮನೆಯ ಮೊಬೈಲಿನಲ್ಲೂ ಮೈಕ್ ಇದೆ. ಮನೆಯಲ್ಲಿ ಹಿರಿಯರಿದ್ದರೆ ಹತ್ತಿರ ಕೂತು ಹಾಡಿಸಿ, ಮುದ್ರಿಸಿಕೊಳ್ಳಿ. ದನಿ ನಡುಗಿದರೂ ಚಿಂತೆಯಿಲ್ಲ. ಹಾಡು ಮುಗಿದ ಮೇಲೆ ಅವರ ಹೆಸರನ್ನೂ ಅವರ ಬಾಯಿಂದಲೇ ಹೇಳಿಸಿ. ಕೂಗಿ ಹೇಳಬೇಕಾಗಿಲ್ಲ.