ಮರಿ ಮೂಡುವ ಮೊದಲಿನ ಗಂಟೆಗಳು

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೂ ಕೆನರಾ ಕರಾವಳಿಯನ್ನೂ ಸುತ್ತಿದ ಫ್ರಾನ್ಸಿಸ್ ಬುಕನನ್ ನಮ್ಮ ಚರಿತ್ರೆ ಓದಿದವರಿಗೆ ಹೊಸಬನಲ್ಲ. ಬೆಳೆ, ಕೆರೆ, ಕಸುಬು ಏನು ಕಂಡರೂ ಬರೆದಿಟ್ಟವನು. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಅದೇ ಮನುಷ್ಯ 1822ರಲ್ಲಿ ಗಂಗಾ ಸೀಮೆಯ ಮೀನುಗಳ ಮೇಲೆ ದೊಡ್ಡ ಪುಸ್ತಕ ತಂದ. ಮೈಮೇಲೆ ನೀಲಿ ಪಟ್ಟೆಗಳಿರುವ ಪುಟ್ಟ ಜೀಬ್ರಾ ಮೀನು ವಿಜ್ಞಾನದ ಲೆಕ್ಕಕ್ಕೆ ಬಂದದ್ದು ಅಲ್ಲಿಂದ. ಇವತ್ತು ಭ್ರೂಣವಿಜ್ಞಾನದ ಎಷ್ಟೋ ಪ್ರಯೋಗಾಲಯಗಳಲ್ಲಿ ಅದಿದೆ.

ಕಾರಣ ಅದರ ಮೊಟ್ಟೆ. ಒಂದು ಮಿಲಿಮೀಟರೂ ಇಲ್ಲದ ಅದು ಗಾಜಿನಷ್ಟು ತಿಳಿ. ಒಳಗೆ ನಡೆಯುವುದೆಲ್ಲ ಸೂಕ್ಷ್ಮದರ್ಶಕಕ್ಕೆ ನೇರ ಕಾಣುತ್ತದೆ. ಮೊದಲು ಕೋಶ ಒಂದಿದ್ದದ್ದು ಎರಡು, ನಾಲ್ಕು, ಎಂಟು. ಹದಿನೈದು ನಿಮಿಷಕ್ಕೊಮ್ಮೆ ಒಡೆಯುತ್ತ ಹೋಗುತ್ತದೆ. ಮೊದಮೊದಲು ಎಲ್ಲ ನಡೆಯುವುದು ತಾಯಿ ಕಟ್ಟಿಕೊಟ್ಟ ಬುತ್ತಿಯ ಮೇಲೆ. ಮೊಟ್ಟೆ ಫಲಿತವಾದ ಸುಮಾರು ಮೂರು ಗಂಟೆಗೆ, ಕೋಶಗಳು ಸಾವಿರ ಮುಟ್ಟುವ ಹೊತ್ತಿಗೆ, ಭ್ರೂಣದ ಸ್ವಂತ ಜೀನ್‌ಗಳು ದೊಡ್ಡ ಪ್ರಮಾಣದಲ್ಲಿ ಎಚ್ಚರಗೊಳ್ಳುತ್ತವೆ.

ಎಲ್ಲ ಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು. ಹಾಗಾದರೆ ಒಂದು ಕರುಳಾಗಿ, ಇನ್ನೊಂದು ಚರ್ಮವಾಗುವುದು ಹೇಗೆ? ನಿಂತ ಜಾಗದಿಂದ. ಮೊಟ್ಟೆಯೊಳಗಿನ ಹಳದಿ ಭಾಗದ ಅಂಚಿನಲ್ಲಿರುವ ಕೋಶಗಳು ನೋಡಲ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದು ಹರಡುವುದು ಮೆಣಸಿನಕಾಯಿ ಒಗ್ಗರಣೆಯ ಘಾಟಿನ ಹಾಗೆ: ಒಲೆಯ ಪಕ್ಕ ಇದ್ದವರಿಗೆ ಕೆಮ್ಮು, ಪಡಸಾಲೆಯಲ್ಲಿದ್ದವರಿಗೆ ಹಸಿವು, ಬೀದಿಯವರಿಗೆ ಏನೂ ಇಲ್ಲ. ನೋಡಲ್ ಹೆಚ್ಚು ಸಿಕ್ಕ ಕೋಶ ಕರುಳಿನ ಕಡೆ, ಮಧ್ಯಮ ಸಿಕ್ಕದ್ದು ಸ್ನಾಯು, ರಕ್ತದ ಕಡೆ, ಸಿಗದೇ ಹೋದದ್ದು ಚರ್ಮ, ನರಗಳ ಕಡೆ ತಿರುಗುತ್ತದೆ. ನೋಡಲ್ ಕೋಶದ ಹೊರಮೈಗೆ ತಗುಲಿದರೆ ಒಳಗಿರುವ ಸ್ಮ್ಯಾಡ್2 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತದೆ. ಅದು ಕೋಶಕೇಂದ್ರದೊಳಕ್ಕೆ ಸರಿದು, ಅಲ್ಲಿನ ಜೊತೆಗಾರರೊಡನೆ ಸೇರಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಈ ಸಂಕೇತ ಕಡಿಮೆಯಾದರೆ ಏನಾಗುತ್ತದೆಂದು ಮರಿಯ ಮುಖದಲ್ಲೇ ಕಾಣಬಹುದು. ಮಿದುಳಿನ ನಡುಗೆರೆಯ ಭಾಗ ಸರಿಯಾಗಿ ಮೂಡದೆ ಎರಡು ಕಣ್ಣು ಬೇರೆಯಾಗುವುದೇ ಇಲ್ಲ. ಹಣೆಯ ನಡುವೆ ಒಂದೇ ಕಣ್ಣು. ಕೆಟ್ಟರೆ ಹೀಗಾಗಿಸುವ ನೋಡಲ್ ಜೀನಿಗೆ ಸೈಕ್ಲಾಪ್ಸ್ ಎಂದೇ ಹೆಸರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮಾತ್ರ ಲೆಫ್ಟಿ. ನೋಡಲ್ ಎಬ್ಬಿಸುವ ಜೀನ್‌ಗಳಲ್ಲಿ ಅದೂ ಒಂದು, ಅದರ ಕೆಲಸವೋ ನೋಡಲನ್ನೇ ತಡೆಯುವುದು. ನೋಡಲ್‌ಗಿಂತ ವೇಗವಾಗಿ, ದೂರಕ್ಕೆ ಹರಡುತ್ತದೆ. ಈ ಮೀನಿಗಿರುವ ಎರಡೂ ಲೆಫ್ಟಿ ಜೀನ್ ಕೆಟ್ಟ ಭ್ರೂಣದಲ್ಲಿ ನೋಡಲ್ ಸಂಕೇತ ಮಿತಿಮೀರಿ ಅದು ಸಾಯುತ್ತದೆ. 2017ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಅಂಥ ಭ್ರೂಣಗಳನ್ನು ನೋಡಲ್ ತಗ್ಗಿಸುವ ಔಷಧಿಯಲ್ಲಿ ಅಳತೆ ನೋಡಿ ಇಟ್ಟರು. ಬದುಕಿಕೊಂಡವು. ಆದರೆ ಲೆಫ್ಟಿ ಇದ್ದ ಭ್ರೂಣ ಸಂಕೇತದ ಏರುಪೇರನ್ನು ಸರಿದೂಗಿಸಿಕೊಳ್ಳುತ್ತಿದ್ದಷ್ಟು ಇವಕ್ಕೆ ಆಗಲಿಲ್ಲ.