ಅಪ್ಪನಿಗೆ ಎರಡು ಸಾಲು

ಘೋರವಾಡಿ ಸ್ಟೇಷನ್ ದಾಟಿತೆಂದರೆ ಬಾಗಿಲ ಹತ್ತಿರ ಬಂದು ನಿಲ್ಲಬೇಕು. ಪುಣೆ–ಲೋಣಾವಳಾ ಲೋಕಲ್ ತಳೇಗಾಂವದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಜುಲೈ ತಿಂಗಳು, ಮಾವಳದ ಮಳೆ. ಛತ್ರಿ ಬಿಡಿಸುವಷ್ಟರಲ್ಲಿ ಅರ್ಧ ತೊಯ್ದಿರುತ್ತೀರಿ. ತಳೇಗಾಂವ ದಾಭಾಡೆ ಎಂದು ಊರಿನ ಹೆಸರಿಗೆ ಅಂಟಿಕೊಂಡಿರುವ ದಾಭಾಡೆಯವರು ಮರಾಠರ ಸೇನಾಪತಿಗಳಾಗಿದ್ದವರು. ಜನರಿಂದ ಪೈಸೆ ಪೈಸೆ ಕೂಡಿಸಿ 1908ರಲ್ಲಿ ಶುರುಮಾಡಿದ ಪೈಸಾ ಫಂಡ್ ಗಾಜಿನ ಕಾರ್ಖಾನೆಯೂ ಇಲ್ಲಿಯದೇ. ಅದನ್ನೆಲ್ಲ ನೋಡಲು ಈ ಮಳೆ ಬಿಡುವುದಿಲ್ಲ. ರಿಕ್ಷಾ ಹಿಡಿದು ನೇರ ಕಾಲೇಜಿಗೆ, ಎರಡನೇ ಮಹಡಿಯ ಕಂಪ್ಯೂಟರ್ ಲ್ಯಾಬಿಗೆ ಹೋಗೋಣ. ಕೊನೆಯ ಬೆಂಚು ಖಾಲಿ ಇದೆ.

ಜೈವಿಕ ವೈದ್ಯವಿಜ್ಞಾನದ ಸ್ನಾತಕೋತ್ತರ ತರಗತಿ ಇದು. ಬೆಳಿಗ್ಗೆ ತಳಿಶಾಸ್ತ್ರ, ಮಧ್ಯಾಹ್ನ ವೈದ್ಯಕೀಯ ಮಾಹಿತಿ ವಿಜ್ಞಾನ. ಬೆಳಿಗ್ಗೆ ಪೆನ್ಸಿಲಿನಲ್ಲಿ ಬರೆದದ್ದನ್ನು ಮಧ್ಯಾಹ್ನ ಕಂಪ್ಯೂಟರಿಗೆ ತಿನ್ನಿಸಬೇಕು. ಇವತ್ತಿನ ಕೆಲಸ: ಪ್ರತಿಯೊಬ್ಬರೂ ತಮ್ಮ ಮನೆತನದ ಮೂರು ತಲೆಮಾರು ಬರೆಯುವುದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರಿಗೆ ಓರೆಗೆರೆ, ಕಾಯಿಲೆ ಇದ್ದವರಿಗೆ ಒಳಗೆಲ್ಲ ಕಪ್ಪು. ಗಂಡ ಹೆಂಡಿರ ನಡುವೆ ಒಂದು ಗೆರೆ. ಅವರು ರಕ್ತಸಂಬಂಧಿಗಳಾದರೆ ಜೋಡಿಗೆರೆ.

ಮುಂದಿನ ಸಾಲಿನಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಗೆರೆ ಎಳೆಯುತ್ತಿದ್ದಾಳೆ.

“ಅವ್ವಾ, ಅಪ್ಪನ ಅವ್ವ ಎಷ್ಟ ಮಂದಿ ಹಡದಾಳ?”

“ಏಳ. ಐದ ಉಳದಾವು. ಯಾಕ ಬೇಕಾಗೇತಿ ನಿನಗ?”

“ಕಾಲೇಜಿನ್ಯಾಗ ಕೇಳ್ಯಾರ. ಹೋದ ಎರಡಕ್ಕ ಏನಾಗಿತ್ತು?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಒಂದಕ್ಕ ಜ್ವರ ಬಂದಿತ್ತಂತ. ಇನ್ನೊಂದರದು ಯಾರಿಗೂ ನೆನಪಿಲ್ಲ.”

ಹುಡುಗಿ ಎರಡು ಸಣ್ಣ ಆಕಾರ ಬರೆದು ಓರೆಗೆರೆ ಹೊಡೆಯುತ್ತಾಳೆ. ಒಂದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಪಠ್ಯಪುಸ್ತಕದಲ್ಲಿ ಎಷ್ಟೇ ದೊಡ್ಡ ಯಂತ್ರದ ಚಿತ್ರವಿರಲಿ, ತಳಿಶಾಸ್ತ್ರದ ಕಚ್ಚಾ ಮಾಲು ಬರುವುದು ಹೀಗೆ, ಯಾವುದೋ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕೈ ನಿಂತಾಗ. ಈ ಮಾತು ಪಠ್ಯಕ್ರಮದಲ್ಲಿ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ.

ಪಕ್ಕದ ಸಾತಾರದ ಹುಡುಗ ಅವಳ ಹಾಳೆಯ ಮೇಲೆ ಬಗ್ಗಿದ್ದಾನೆ. ಜೋಡಿಗೆರೆಯನ್ನು ಬೆರಳಿನಿಂದ ಹಿಂಬಾಲಿಸಿ, ಹುಬ್ಬೇರಿಸಿ ಕೇಳುತ್ತಾನೆ: “ಸಖ್ಖ್ಯಾ ಮಾಮಾಶೀ?” ಹೌದು, ಸ್ವಂತ ಸೋದರಮಾವನಿಗೇ. ಇವಳ ಅವ್ವನನ್ನು ಅವಳ ತಾಯಿಯ ತಮ್ಮನಿಗೆ ಕೊಟ್ಟಿದ್ದಾರೆ. ಹಾಗಾಗಿ ಇವಳ ತಾಯಿಯ ತಾಯಿ ಇವಳಿಗೆ ಅಜ್ಜಿಯೂ ಹೌದು, ಅಪ್ಪನ ಅಕ್ಕನೂ ಹೌದು. ಮಾಮನ ಮಗಳನ್ನು ತರುವುದು ಸಾತಾರದ ಕಡೆಯೂ ಗೊತ್ತಿರುವ ಪದ್ಧತಿ. ಮಾಮನನ್ನೇ ಕಟ್ಟಿಕೊಳ್ಳುವುದು ಅವನಿಗೆ ಹೊಸದು. 1955ರ ಹಿಂದೂ ವಿವಾಹ ಕಾಯ್ದೆಯೂ ಈ ಸಂಬಂಧವನ್ನು ನಿಷೇಧದ ಪಟ್ಟಿಗೆ ಸೇರಿಸಿ, ರೂಢಿಯಿದ್ದರೆ ನಡೆಯುತ್ತದೆ ಎಂದು ಪಕ್ಕಕ್ಕೆ ಸರಿದು ನಿಂತಿದೆ. ನಮ್ಮಲ್ಲಿ ರೂಢಿ ಇದೆ, ಬೇಕಾದಷ್ಟಿದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ತಪಾಸಣೆ ನಡೆದಾಗ, ಎ. ಎಚ್. ಬಿಟಲ್ಸ್, ರಾಧಾ ರಮಾದೇವಿ, ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮೊದಲಾದವರು ತಂದೆತಾಯಿಯರ ನಂಟನ್ನೂ ಬರೆದುಕೊಂಡರು. ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ ಒಳಗಿನದು.

ಪ್ರಾಧ್ಯಾಪಕಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾರೆ. ಅಪ್ಪ, ಅಪ್ಪನ ತಾಯಿ, ಅಜ್ಜಿ, ಅವ್ವ: ದಾರಿಯಲ್ಲಿ ನಾಲ್ಕು ಜನ. ಒಬ್ಬೊಬ್ಬರಿಗೂ ಅರ್ಧ, ಒಟ್ಟು 1/16. ಅಪ್ಪನ ತಂದೆಯ ಕಡೆಯಿಂದ ಅಂಥದೇ ಇನ್ನೊಂದು ದಾರಿ. ಕೂಡಿದರೆ 1/8. ಅಂದರೆ ಈ ಹುಡುಗಿಯ ಯಾವುದೇ ಜೀನಿನ ಎರಡೂ ಪ್ರತಿಗಳು ಒಬ್ಬರೇ ಹಿರಿಯರ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಮಾಮನ ಮಗಳ ಮದುವೆಯಲ್ಲಿ ಅದು 1/16.

“ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಮೇಡಂ,” ಹುಡುಗಿಯ ದನಿ ಸ್ವಲ್ಪ ಗಟ್ಟಿಯಾಗುತ್ತದೆ.

“ಇರಲೇಬೇಕು. ಇಂಥ ಮನೆಗಳ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಅಪರೂಪಕ್ಕೆ ಅಡಗಿದ್ದದ್ದು ಜೋಡಿಯಾಗುತ್ತದಲ್ಲ, ಲೆಕ್ಕ ಅದರದು.” ಅಷ್ಟು ಹೇಳಿ ಅವರು ಬಾಂಬೆ ರಕ್ತದ ಕಥೆ ತೆಗೆಯುತ್ತಾರೆ.

1952, ಮುಂಬಯಿ. ವೈ. ಎಂ. ಭೇಂಡೆ ಮತ್ತು ಸಂಗಡಿಗರ ಕೈಗೆ ಯಾವ ಗುಂಪಿನ ರಕ್ತದೊಂದಿಗೂ ಹೊಂದದ ರಕ್ತ ಸಿಕ್ಕಿತು. ಗಾಜಿನ ಪಟ್ಟಿಯ ಮೇಲೆ ಆ ರಕ್ತಕ್ಕೆ ಎ ವಿರುದ್ಧದ ದ್ರವ ಹಾಕಿ, ಗರಣೆ ಕಟ್ಟುವುದಿಲ್ಲ. ಬಿ ವಿರುದ್ಧದ್ದು ಹಾಕಿ, ಕಟ್ಟುವುದಿಲ್ಲ. ಹಾಗಾದರೆ ಓ ಎಂದು ಬರೆದು ಮುಗಿಸುವವರೇ ಹೆಚ್ಚು. ಈಗ ಅದೇ ಮನುಷ್ಯನ ಸೀರಮ್ಮಿಗೆ ಓ ಗುಂಪಿನ ರಕ್ತಕಣ ಬೆರೆಸಿ ಪಟ್ಟಿಯನ್ನು ಅತ್ತಿತ್ತ ವಾಲಿಸಿ: ಹಾಲು ಒಡೆದ ಹಾಗೆ ಗಡ್ಡೆ ಗಡ್ಡೆ. ಎ, ಬಿ ಎರಡಕ್ಕೂ ತಳಪಾಯವಾದ ಎಚ್ ಎಂಬ ವಸ್ತುವೇ ಈ ಕಣಗಳ ಮೇಲಿಲ್ಲ. ಓ ಗುಂಪಿನವರಲ್ಲಿ ಅದು ಧಾರಾಳ. ಹತ್ತೊಂಬತ್ತನೆಯ ವರ್ಣತಂತುವಿನ ಎಫ್‌ಯುಟಿ1 ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಹೀಗಾಗುತ್ತದೆ. ಇವರಿಗೆ ಓ ರಕ್ತ ಏರಿಸಿದರೆ ಜೀವಕ್ಕೇ ಅಪಾಯ. ಬಾಂಬೆ ಗುಂಪಿನವರದೇ ಬೇಕು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ಅಂಥ ದಾನಿಗಳನ್ನು ಹುಡುಕಿಕೊಡುವ ಕೆಲಸವನ್ನು ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಮಾಡುತ್ತಿದೆ. ಒಬ್ಬರು ಸಿಕ್ಕರೆ ಮೊದಲು ಕರೆಯಬೇಕಾದದ್ದು ಅವರ ಅಣ್ಣತಮ್ಮ, ಅಕ್ಕತಂಗಿಯರನ್ನು. ಅಲ್ಲಿಗೆ ಮತ್ತೆ ಅದೇ ಪೆನ್ಸಿಲ್ ಹಾಳೆ.

ಮಧ್ಯಾಹ್ನ. ಕಿಟಕಿಯಾಚೆ ಮಳೆ ಒಂದೇ ಸಮ. ವಡಾಪಾವಿನ ಕಾಗದ ಬುಟ್ಟಿಗೆ ಬಿದ್ದಿದೆ, ಪರದೆಗಳು ಬೆಳಗಿವೆ. ಆರೋಗ್ಯ ದಾಖಲೆಗಳ ಸಂಕೇತಗಳು, ಅವುಗಳ ರಾಷ್ಟ್ರೀಯ ಕೇಂದ್ರ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲೇ ಇರುವುದು, ಇವೆಲ್ಲ ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಆಮೇಲೆ ಪೆಡ್ ಫೈಲು, ಅಂದರೆ ಬೆಳಗಿನ ವಂಶಚಿತ್ರದ ಕಂಪ್ಯೂಟರ್ ರೂಪ. ಒಬ್ಬರಿಗೆ ಒಂದು ಸಾಲು, ಸಾಲಿಗೆ ಆರು ಕಲಮು: ಕುಟುಂಬದ ಸಂಖ್ಯೆ, ವ್ಯಕ್ತಿಯ ಸಂಖ್ಯೆ, ತಂದೆ, ತಾಯಿ, ಲಿಂಗ, ಕಾಯಿಲೆ. ಗಂಡಸು 1, ಹೆಂಗಸು 2. ತಂದೆ ತಾಯಿ ಯಾರೆಂದು ಗೊತ್ತಿಲ್ಲದಿದ್ದರೆ ಸೊನ್ನೆ, ಸೊನ್ನೆ.

ಸಾತಾರದವನದು ಬೇಗ ಮುಗಿಯಿತು. ಹುಡುಗಿಯ ಪರದೆಯ ಮೇಲೆ ತಂತ್ರಾಂಶ ತಕರಾರು ತೆಗೆದಿದೆ: ಕುಣಿಕೆ ಇದೆ. ವಂಶವೆಂದರೆ ಕೊಂಬೆ ಕೊಂಬೆಯಾಗಿ ಕವಲೊಡೆದು ಹೋಗುವುದೆಂದು ನಂಬಿದ ಹಳೆಯ ಪ್ರೋಗ್ರಾಮು ಅದು. ಕೊಂಬೆ ತಿರುಗಿ ಬಂದು ಬುಡಕ್ಕೆ ಸೇರಿದರೆ ಅದಕ್ಕೆ ದಾರಿ ಕಾಣದು. ಬಿಡಿಸಲು ಒಂದು ಉಪಾಯವಿದೆ. ಕುಣಿಕೆಯಲ್ಲಿರುವ ಒಬ್ಬರನ್ನು ಇಬ್ಬರಾಗಿ ಬರೆಯುವುದು. ಅವಳು ಅಪ್ಪನನ್ನು ಆರಿಸಿಕೊಳ್ಳುತ್ತಾಳೆ. ಒಂದು ಸಾಲಿನಲ್ಲಿ ಅವನು ತಾಯಿಯ ಮಗ, ಅಜ್ಜಿಯ ತಮ್ಮ. ಇನ್ನೊಂದರಲ್ಲಿ ಅವ್ವನ ಗಂಡ, ತಂದೆ ತಾಯಿ ಸೊನ್ನೆ ಸೊನ್ನೆ. ಎರಡೂ ಒಬ್ಬನೇ ಎಂದು ಬೇರೆ ಕಡೆ ಸೂಚಿಸಿದರೆ ಪ್ರೋಗ್ರಾಮು ಒಪ್ಪುತ್ತದೆ. ಹುಡುಗಿ ನಗುತ್ತಾಳೆ. ನನಗೆ ಮಾತ್ರ ಪೆನ್ಸಿಲ್ ಹಾಳೆಯೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಮುಂದಿನ ಹೆಜ್ಜೆ, ಗುರುತು ಅಳಿಸುವುದು. ಹೆಸರು, ಊರು, ಹುಟ್ಟಿದ ವರ್ಷ ತೆಗೆದು ಎಲ್ಲರ ಫೈಲುಗಳನ್ನೂ ಒಂದೇ ಫೋಲ್ಡರಿಗೆ ಹಾಕಿದ್ದಾರೆ. ಸಾತಾರದ ಹುಡುಗ ಒಂದೊಂದಾಗಿ ತೆರೆದು, ನಾಲ್ಕನೆಯದಕ್ಕೆ ನಿಂತು, ಪಕ್ಕದವಳ ಕಡೆ ಕೈ ತೋರಿಸುತ್ತಾನೆ. “ಇದು ಅವಳದು.” ಕುಣಿಕೆ ಇರುವುದು ಅದೊಂದರಲ್ಲೇ. ಚೌಕ, ವೃತ್ತಗಳ ಬದಲು ವಜ್ರಾಕೃತಿ ಹಾಕಿ ಹೆಣ್ಣು ಗಂಡನ್ನು ಮರೆಮಾಡಬಹುದು ಎಂದು ಯಾರೋ ಹೇಳುತ್ತಾರೆ. ಮಾಡಿದರೂ ಕುಣಿಕೆ ಹಾಗೇ ಉಳಿಯುತ್ತದೆ. ಕುಣಿಕೆಯನ್ನೇ ತೆಗೆದರೆ ಲೆಕ್ಕವೇ ಹೋಯಿತು. ಫೋನಿನಲ್ಲಿ ಉತ್ತರ ಕೊಟ್ಟ ಅವ್ವನ ಒಪ್ಪಿಗೆಯನ್ನು ಯಾರೂ ಕೇಳಿಲ್ಲವೆಂಬುದು ಆಗ ತರಗತಿಗೆ ಹೊಳೆಯುತ್ತದೆ. ಪ್ರಾಧ್ಯಾಪಕಿ ಫೋಲ್ಡರನ್ನು ಮುಚ್ಚಿಸುತ್ತಾರೆ.

ನಾಲ್ಕೂವರೆಗೆ ಫೋನು ಮತ್ತೆ ಗುನುಗುತ್ತದೆ.

“ಏ, ಇನ್ನೊಂದು ಹೇಳೂದ ಮರತೆ. ನಿಮ್ಮಪ್ಪನ ಅವ್ವನ್ನೂ ಅವರ ಸ್ವಾದರಮಾವಗಽ ಕೊಟ್ಟಿದ್ರು.”

ಹುಡುಗಿ ಫೈಲನ್ನು ಮತ್ತೆ ತೆರೆಯುತ್ತಾಳೆ. ಅಪ್ಪನ ತಂದೆ ತಾಯಿಯ ಮುಂದಿದ್ದ ಸೊನ್ನೆಗಳು ಹೋಗಿ ಸಂಖ್ಯೆಗಳು ಬರುತ್ತವೆ. ಮೇಲೆ ಇನ್ನೂ ನಾಲ್ಕು ಸಾಲು, ಇನ್ನೊಂದು ಕುಣಿಕೆ. ಬೋರ್ಡಿನ ಲೆಕ್ಕವನ್ನು ಒರೆಸಿ ಎಲ್ಲರೂ ಸೇರಿ ಹೊಸದಾಗಿ ಬಿಡಿಸುತ್ತಾರೆ. 1/8, ಅಂದರೆ 4/32 ಇದ್ದದ್ದು 5/32 ಆಗಿದೆ. “ಇನ್ನೊಂದು ಕರೆ ಬರುವ ಮೊದಲೇ ಫೈಲು ಸಲ್ಲಿಸಿಬಿಡು,” ಎನ್ನುತ್ತಾನೆ ಸಾತಾರದವನು. ಅವಳು ಆಗಲೇ ಫೋನಿನಲ್ಲಿ ಕೇಳುತ್ತಿದ್ದಾಳೆ: “ಅವ್ವಾ, ಮುತ್ಯಾನ ಅವ್ವ ಯಾವ ಊರಾಕಿ?”