ನೀರೆರೆದವರು

ಆಳಂದದಲ್ಲಿರುವ ನಮ್ಮ ಪರಿಸರಸೇವಾ ಸಂಸ್ಥೆಯ ಪುಟ್ಟ ಕಚೇರಿಗೆ ಇಂದು ಬೆಳಿಗ್ಗೆ ಬಂದ ವರದಿಯ ನಮೂನೆಯಲ್ಲಿ ‘ನೆಟ್ಟ ಸಸಿಗಳ ಸಂಖ್ಯೆ’ಗೆಂದು ವಿಶಾಲವಾದ ಅಂಕಣವಿದ್ದು, ಮುಂದಿನ ವೈಶಾಖವನ್ನು ದಾಟಿ ಬದುಕಿದವು ಎಷ್ಟೆಂದು ಕೇಳುವ ಅಂಕಣವೇ ಇಲ್ಲದಿರುವುದನ್ನು ಕಂಡು ಉಂಟಾದ ಅಸಮಾಧಾನವು ಮಧ್ಯಾಹ್ನವಾದರೂ ಇಳಿದಿಲ್ಲ.

ಎರೆಭೂಮಿಯ ಸ್ವಭಾವವನ್ನು ಬಲ್ಲವರು ಇಂಥ ನಮೂನೆಯನ್ನು ರಚಿಸಲಾರರು. ಮಳೆಗಾಲದಲ್ಲಿ ಈ ಮಣ್ಣು ನೀರನ್ನು ಹೀರಿ ಉಬ್ಬಿ, ಎಳೆಯ ಬೇರಿಗೆ ಉಸಿರಾಡಲೂ ಎಡೆಗೊಡದೆ ಬಿಗಿದುಕೊಳ್ಳುತ್ತದೆ. ಉಷ್ಣಮಾನ 40 ಡಿಗ್ರಿಯನ್ನು ಮೀರುವ ಬೇಸಗೆಯಲ್ಲಿ ಅದೇ ಮಣ್ಣು ಕುಗ್ಗಿ, ಅಂಗೈ ಇಳಿಯುವಷ್ಟು ಬಿರಿದು, ಆ ಬೇರನ್ನೇ ಹರಿದುಹಾಕುತ್ತದೆ. ಆಷಾಢದಲ್ಲಿ ನೆಟ್ಟ ಬೇವು, ಹುಣಿಸೆ, ಹೊಂಗೆಗಳು ಈ ಎರಡು ಸಂಕಟಗಳನ್ನೂ, ನಡುವೆ ಆಡುಗಳ ಬಾಯನ್ನೂ ದಾಟಿ ಬರಬೇಕು. “ಗಿಡ ಹಚ್ಚಾದು ಖರೆ ತಮ್ಮಾ, ಬ್ಯಾಸಗ್ಯಾಗ ನೀರ ಹಾಕವ್ರ ಯಾರು?” ಎಂದು ಜೇವರ್ಗಿಯ ಕಡೆಯ ವೃದ್ಧೆಯೊಬ್ಬರು ಕೇಳಿದ್ದರು. ನಮ್ಮ ಕಾರ್ಯದ ಸಾರವೆಲ್ಲ ಆ ಪ್ರಶ್ನೆಯಲ್ಲಿದೆ.

ಅಫಜಲಪುರದ ದಾರಿ ಹಿಡಿದಾಗಲೆಲ್ಲ ಗಾಣಗಾಪುರದ ಕಥೆಯೊಂದು ನೆನಪಾಗುತ್ತದೆ. ಆಳಂದದ ಸೀಮೆಯಿಂದ ಹರಿದುಬರುವ ಅಮರ್ಜಾ ನದಿಯು ಭೀಮೆಯನ್ನು ಕೂಡುವ ಆ ಸಂಗಮದಲ್ಲಿ, ಶ್ರೀ ನೃಸಿಂಹ ಸರಸ್ವತಿಗಳ ಆಜ್ಞೆಯಂತೆ, ಕುಷ್ಠರೋಗಿಯಾದ ನರಹರಿಯು ಒಣಗಿದ ಅತ್ತಿಯ ಕೊರಡನ್ನು ನೆಟ್ಟು, ಕಂಡವರು ವ್ಯರ್ಥಪ್ರಯಾಸವೆಂದರೂ ಬಿಡದೆ ನೀರೆರೆದನೆಂದೂ, ಕಡೆಗೆ ಗುರುಗಳು ಕಮಂಡಲುವಿನ ಜಲವನ್ನು ಪ್ರೋಕ್ಷಿಸಲು ಅದು ಚಿಗುರಿತೆಂದೂ ‘ಗುರುಚರಿತ್ರೆ’ ಹೇಳುತ್ತದೆ. ಭಕ್ತರು ಕೊಂಡಾಡುವುದು ಚಿಗುರನ್ನು. ನನ್ನ ಮನಸ್ಸು ಮಾತ್ರ ಚಿಗುರು ಕಾಣದ ದಿನಗಳಲ್ಲಿಯೂ ನೀರು ಹೊತ್ತು ನಡೆದ ಆ ರೋಗಿಯ ಬಳಿಯೇ ನಿಲ್ಲುತ್ತದೆ. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು 1980ರ ದಶಕದಲ್ಲಿ ಇದೇ ಕಲಬುರಗಿ ಜಿಲ್ಲೆಯಲ್ಲಿ ಸ್ವಿಸ್ ನೆರವಿನಿಂದ ಜಲಾನಯನ ಕಾರ್ಯವನ್ನು ಕೈಗೊಂಡಾಗ, ಊರವರ ಸಂಘಗಳನ್ನು ಕಟ್ಟಿ, ಅವರೊಡನೆ ಕುಳಿತೇ ಯೋಜನೆಗಳನ್ನು ರೂಪಿಸಿದ್ದು ಇದೇ ಕಾರಣದಿಂದ ನನಗೆ ಪ್ರಿಯ: ನೌಕರರು ಹೊರಟುಹೋದ ಮೇಲೂ ಒಡ್ಡನ್ನೂ ಗಿಡವನ್ನೂ ಕಾಯುವವರು ಊರಿನಲ್ಲಿಯೇ ಇರಬೇಕಷ್ಟೆ.

ಆಡು ತಿನ್ನದಿರಲೆಂದು ಸಸಿಗಳ ಸುತ್ತ ನಾವು ತೊಗರಿಕಟ್ಟಿಗೆಯನ್ನು ಹೂಳುತ್ತೇವೆ. ತೊಗರಿಯ ಋಣವೇನು ಕಡಿಮೆಯೆ! ಕಲಬುರಗಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದು ಯೋಗ್ಯವೇ. ಆದರೆ ಆಳಕ್ಕೆ ಬೇರಿಳಿಸಿ, ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು, ಎಲೆಯುದುರಿಸಿ ನೆಲವನ್ನು ಹಸನುಗೊಳಿಸಿ, ಕಾಳು ಕೊಟ್ಟ ಮೇಲೆ ಒಲೆಗೂ ಬೇಲಿಗೂ ಒದಗುವ ಈ ಗಿಡವನ್ನು ಪರಿಸರದ ಮಾತಾಡುವ ನಾವೇ ಬರಿಯ ಪೇಟೆಯ ಸರಕೆಂದು ಬದಿಗಿರಿಸಿದ್ದೇವೆ. ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು, ಸಜ್ಜೆಗಳನ್ನು ಬಿತ್ತುವ ಕ್ರಮವನ್ನು ಕುರಿತು ಅಫಜಲಪುರದ ಹಿರಿಯ ಒಕ್ಕಲಿಗರಿಂದ ಕೇಳಿ ಬರೆದಿಡಬೇಕೆಂಬ ಆಸೆ ನನಗೆ ಬಹಳವಾಗಿದೆ. ಯಾವ ಹೊಲಕ್ಕೆ ಎಷ್ಟು ತಾಳಿನ ಕೂರಿಗೆ, ಎಷ್ಟು ಸಾಲಿಗೊಂದು ತೊಗರಿ ಎಂಬುದನ್ನು ಅವರಿಂದಲೇ ಕಲಿಯಬೇಕು.